ಯಾರ ಹೆಸರಿನ ರೊಕ್ಕ

2014ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಮ್ಮ ಗೋಪನಕೊಪ್ಪದ ಚಹಾದಂಗಡಿಗಳಲ್ಲಿ ಸ್ವಿಸ್ ಬ್ಯಾಂಕಿನದೇ ಮಾತು. ಅಲ್ಲಿರುವ ರೊಕ್ಕ ಎಷ್ಟು, ಅದು ತಿರುಗಿ ಬಂದರೆ ತಲೆಗೆಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕುತ್ತ ಕೂತವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವ. ಅದೇ ದಿನಗಳಲ್ಲಿ ಅವನ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಅವನ ಹೆಂಡತಿಯ ಪಾಸ್‌ಬುಕ್ಕೊಂದು ಐದು ವರ್ಷದಿಂದ ಮಲಗಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗದೆಯೇ ತೀರಿಕೊಂಡ.

ಸ್ವಿಸ್ ಬ್ಯಾಂಕು ಎಂದರೆ ನಮಗೆ ಕಪ್ಪುಹಣ ಮಾತ್ರ ನೆನಪಾಗುತ್ತದೆ. ಅಲ್ಲಿ ಇನ್ನೊಂದು ಥರದ ರೊಕ್ಕವೂ ಇತ್ತು. ನಾಜಿಗಳಿಗೆ ಹೆದರಿದ ಯಹೂದಿ ಕುಟುಂಬಗಳು ಎರಡನೇ ಮಹಾಯುದ್ಧಕ್ಕೆ ಮೊದಲು ತಮ್ಮ ಉಳಿತಾಯವನ್ನು ಸ್ವಿಟ್ಜರ್ಲೆಂಡಿನಲ್ಲಿ ಇಟ್ಟಿದ್ದವು. ಇಟ್ಟವರಲ್ಲಿ ಅನೇಕರು ಯಾತನಾ ಶಿಬಿರಗಳಲ್ಲಿ ಸತ್ತರು. ಬದುಕುಳಿದ ಮಕ್ಕಳು ಬಂದು ಕೇಳಿದಾಗ ಮರಣ ಪ್ರಮಾಣಪತ್ರ ತನ್ನಿ ಎಂದ ಬ್ಯಾಂಕುಗಳಿದ್ದವು. ಆ ಶಿಬಿರಗಳಲ್ಲಿ ಸತ್ತವರಿಗೆ ಪ್ರಮಾಣಪತ್ರ ಬರೆದುಕೊಡುವವರು ಯಾರು? ಅರ್ಧ ಶತಮಾನದ ನಂತರ, 1997ರಲ್ಲಿ, ಅಂಥ ಖಾತೆಗಳ ಹೆಸರಿನ ಪಟ್ಟಿಗಳು ಹೊರಬಂದವು. 1998ರಲ್ಲಿ 125 ಕೋಟಿ ಡಾಲರಿಗೆ ರಾಜಿಯಾಯಿತು. 2015ರ ಡಿಸೆಂಬರಿನಿಂದ ಅಲ್ಲಿಯ ಬ್ಯಾಂಕುಗಳು ಅರವತ್ತು ವರ್ಷಗಳಿಂದ ಯಾರೂ ವಿಚಾರಿಸದ ಖಾತೆಗಳ ಹೆಸರುಗಳನ್ನು ಅಂತರ್ಜಾಲದಲ್ಲಿ ಹಾಕುತ್ತಿವೆ. ಮೊದಲ ಪಟ್ಟಿಯಲ್ಲಿ 2,600ರಷ್ಟು ಹೆಸರುಗಳಿದ್ದವು, 4.4 ಕೋಟಿ ಫ್ರಾಂಕು ಹಣವಿತ್ತು. ಹೆಸರು ಪ್ರಕಟವಾದ ಮೇಲೆ ಒಂದು ವರ್ಷ ಗಡುವು. ಯಾರೂ ಬಾರದಿದ್ದರೆ ಹಣ ಅಲ್ಲಿಯ ಸರಕಾರಕ್ಕೆ. ಆಮೇಲೆ ಮೊಮ್ಮಗ ಬಂದು ಬಾಗಿಲು ಬಡಿದರೂ ಹಕ್ಕಿಲ್ಲ.

ನಮ್ಮಲ್ಲಿ ಗಡುವು ಇಲ್ಲ. ಇದು ಬಹಳ ಜನರಿಗೆ ತಿಳಿಯದ ಸಂಗತಿ. ಎರಡು ವರ್ಷ ಖಾತೆದಾರ ಏನೂ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಹಾಗೆಯೇ ಬಿದ್ದಿದ್ದರೆ ಅದರಲ್ಲಿದ್ದ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತದೆ. ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ ಎಂದು ಅದರ ಹೆಸರು, 2014ರಲ್ಲಿ ಶುರುವಾದದ್ದು. ಅಲ್ಲಿಗೆ ಹೋದ ಉಳಿತಾಯ ಖಾತೆಯ ರೊಕ್ಕಕ್ಕೂ ಬಡ್ಡಿ ಬರುತ್ತದೆ. 2021ರ ಮೇ ತಿಂಗಳಿನಿಂದ ಅದು ಶೇಕಡಾ 3ರ ಸರಳ ಬಡ್ಡಿ. ಇಪ್ಪತ್ತು ವರ್ಷ ಬಿಟ್ಟು ಬಂದರೂ ನಿಮ್ಮದು ನಿಮಗೆ ಸಿಗಬೇಕು. ಅದಕ್ಕೆ ರಿಸರ್ವ್ ಬ್ಯಾಂಕಿಗೆ ಹೋಗಬೇಕಿಲ್ಲ. ನಿಮ್ಮ ಬ್ಯಾಂಕೇ ಮೊದಲು ಕೊಟ್ಟು, ಆಮೇಲೆ ನಿಧಿಯಿಂದ ವಸೂಲು ಮಾಡಿಕೊಳ್ಳುತ್ತದೆ. ಕಾಲದ ವಿಷಯದಲ್ಲಿ ನಮ್ಮ ಕಾನೂನು ಸ್ವಿಸ್ ಕಾನೂನಿಗಿಂತ ಉದಾರಿ.

ಆ ನಿಧಿಯಲ್ಲಿ 2024ರ ಮಾರ್ಚ್ ಕೊನೆಗೆ 78,213 ಕೋಟಿ ರೂಪಾಯಿ ಇತ್ತು. ಅಂಕಿ ಕೇಳಿದರೆ ಯಾರೋ ಸಾಹುಕಾರರು ಮರೆತು ಹೋದ ಗಂಟು ಅನ್ನಿಸುತ್ತದೆ. ಆದರೆ ಇನ್ನೊಂದು ಲೆಕ್ಕ ನೋಡಿ. 2023ರ ಫೆಬ್ರವರಿಯ ತನಕ ಸರಕಾರಿ ಬ್ಯಾಂಕುಗಳು ನಿಧಿಗೆ ಕಳಿಸಿದ್ದು 35,012 ಕೋಟಿ ರೂಪಾಯಿ ಎಂದು ಸಂಸತ್ತಿಗೆ ಸರಕಾರ ತಿಳಿಸಿತ್ತು. ಅದು ಸುಮಾರು 10.24 ಕೋಟಿ ಖಾತೆಗಳ ಹಣ. ಭಾಗಿಸಿದರೆ ಖಾತೆಗೆ 3,400 ರೂಪಾಯಿ ಚಿಲ್ಲರೆ. ಹಾಲು, ಹೂವು, ಕಾಯಿಪಲ್ಲೆ ಮಾರಿದ ರೊಕ್ಕ ಇಂಥ ಅಳತೆಯದೇ ಇರುತ್ತದೆ.

ನಮ್ಮ ದೊಡ್ಡವ್ವನದು ಹಾಲಿನ ರೊಕ್ಕ. ಗೋಪನಕೊಪ್ಪ ಆಗ ಹೆಸರಿಗಷ್ಟೇ ಹುಬ್ಬಳ್ಳಿ, ನಡವಳಿಕೆಯಲ್ಲಿ ಹಳ್ಳಿ. ಮನೆಯ ಹಿಂದೆ ಎರಡು ಎಮ್ಮೆ ಕಟ್ಟಿಕೊಂಡು ಕೇಶ್ವಾಪುರದ ಕಡೆಯ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಹಾಲಿನ ಲೆಕ್ಕ ದೊಡ್ಡಪ್ಪನಿಗೆ ಒಪ್ಪಿಸಬೇಕು. ಸಗಣಿ ಕುಳ್ಳಿನ ಲೆಕ್ಕ, ಗಿಣ್ಣದ ಹಾಲಿನ ಲೆಕ್ಕ, ಹಬ್ಬಕ್ಕೆ ಹೆಚ್ಚಿಗೆ ಹಾಕಿದ ಹಾಲಿನ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಆ ಮೂರು ಲೆಕ್ಕಗಳೇ ಅವಳ ಖಾತೆಯಾಗಿದ್ದವು.

ಹೀಗೆ ಚಿಲ್ಲರೆ ಕೂಡಿಡುವ ದಾರಿಯನ್ನು ಕರ್ನಾಟಕಕ್ಕೆ ಕಲಿಸಿದ್ದು ಉಡುಪಿ. 1925ರಲ್ಲಿ ಅಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟನೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಆ ಹೆಸರು ಎಷ್ಟು ಬೇರುಬಿಟ್ಟಿತೆಂದರೆ ಇಂದಿಗೂ ಹುಬ್ಬಳ್ಳಿಯ ಪೇಟೆಯಲ್ಲಿ ಯಾವ ಸೊಸೈಟಿಯ ದಿನದ ಉಳಿತಾಯವಾದರೂ ಅದು ಪಿಗ್ಮಿಯೇ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲವಾಯಿತು. ಗಂಡ ಕೆಲಸಕ್ಕೆ ಹೋದ ಮೇಲೆ ಪಿಗ್ಮಿಯವ ಬರುತ್ತಾನೆ, ಸೆರಗಿನ ಗಂಟು ಬಿಚ್ಚಿ ಐದೋ ಹತ್ತೋ ಕೊಟ್ಟರೆ ಕಾರ್ಡಿನಲ್ಲಿ ಬರೆಯುತ್ತಾನೆ, ಕಾರ್ಡು ಅಕ್ಕಿಡಬ್ಬಿಯ ತಳಕ್ಕೆ ಹೋಗುತ್ತದೆ. ಪಿಗ್ಮಿ ಕೂಡಿ ದೊಡ್ಡದಾದಾಗ ಅದನ್ನು ಬ್ಯಾಂಕಿನ ಖಾತೆಗೆ ಹಾಕಬೇಕು. ದೊಡ್ಡವ್ವ ಮಾಡಿದ್ದೂ ಅದನ್ನೇ.

2022ರಲ್ಲಿ ಅವಳು ಹೋದ ಮೇಲೆ ನನ್ನ ಇಬ್ಬರು ಅಣ್ಣಂದಿರು, ಅಂದರೆ ಅವಳ ಮಕ್ಕಳು, ಟ್ರಂಕು ತೆಗೆದರು. ಎರಡು ಇಳಕಲ್ ಸೀರೆ, ಒಂದು ಪಿಗ್ಮಿ ಕಾರ್ಡು, ಒಂದು ಪಾಸ್‌ಬುಕ್ಕು. ಪಾಸ್‌ಬುಕ್ಕಿನ ಮೇಲೆ ಇದ್ದ ಹೆಸರು ಅವಳದಲ್ಲ. ಅಡ್ಡಹೆಸರೂ ನಮ್ಮ ಮನೆತನದ್ದಲ್ಲ. ಫೋಟೋ ಇಲ್ಲ. ಯಾರೋ ಓದುಬಾರದ ಗೆಳತಿಯದು, ಜೋಪಾನಕ್ಕೆ ಕೊಟ್ಟಿರಬೇಕು ಎಂದುಕೊಂಡು ತೆಗೆದಿಟ್ಟರು. ಅದರಲ್ಲಿ ಕೊನೆಯ ಸಾಲು 2009ರದು: 26,840 ರೂಪಾಯಿ.

ಮರುವರ್ಷ, 2023ರ ಆಗಸ್ಟ್‌ನಲ್ಲಿ, ರಿಸರ್ವ್ ಬ್ಯಾಂಕು ಉದ್ಗಮ್ ಎಂಬ ಪೋರ್ಟಲ್ ತೆರೆಯಿತು. ಮೊದಲು ಏಳು ಬ್ಯಾಂಕು, 2024ರ ಮಾರ್ಚ್ ಹೊತ್ತಿಗೆ ಮೂವತ್ತು. ನಿಧಿಯಲ್ಲಿರುವ ಮೊತ್ತದ ಶೇಕಡಾ 90ರಷ್ಟು ಅಷ್ಟರಲ್ಲೇ ಬರುತ್ತದೆ. ಮೊಬೈಲ್ ನಂಬರು ಕೊಟ್ಟು ಒಳಗೆ ಹೋಗಬೇಕು, ಖಾತೆದಾರರ ಹೆಸರು ಹಾಕಬೇಕು, ಜೊತೆಗೆ ಪಾನ್, ಮತದಾರರ ಚೀಟಿ, ಹುಟ್ಟಿದ ದಿನಾಂಕ, ವಿಳಾಸ ಇಂಥದ್ದರಲ್ಲಿ ಏನಾದರೊಂದು. ಹೊಂದಿಕೆಯಾದರೆ ಒಂದು ಗುರುತಿನ ಸಂಖ್ಯೆ ಬರುತ್ತದೆ. ರೊಕ್ಕ ಎಷ್ಟಿದೆ ಎಂದು ಅದು ಹೇಳುವುದಿಲ್ಲ, ಬ್ಯಾಂಕಿಗೇ ಹೋಗಿ ಕೇಳಬೇಕು. ಓಣಿಯಲ್ಲಿ ಇದನ್ನು ಹುಡುಕಿಕೊಡುವ ಕೆಲಸ ನನ್ನ ತಲೆಗೆ ಬಂತು. ರವಿವಾರ ಮುಂಜಾನೆ ಒಬ್ಬೊಬ್ಬರೇ ಬಂದು ತೀರಿಕೊಂಡ ಅಪ್ಪನ, ಅಜ್ಜನ ಹೆಸರು ಹೇಳಿ ಕೂಡುತ್ತಿದ್ದರು.

ನಾಲ್ಕು ರವಿವಾರ ಕೂತ ಮೇಲೆ ಹಣ ಕಳೆಯುವುದು ಎಲ್ಲಿ ಎಂದು ಗೊತ್ತಾಯಿತು. ಹೆಸರಿನಲ್ಲಿ ಕಳೆಯುತ್ತದೆ. ಗಂಗವ್ವ ಎನ್ನುವವಳು ರೇಷನ್ ಕಾರ್ಡಿನಲ್ಲಿ ಗಂಗಮ್ಮ, ಹಳೆಯ ಗುಮಾಸ್ತನ ಕೈಯಲ್ಲಿ ಗಂಗಾಬಾಯಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಒಂದು ವಿ ಹಾಕುತ್ತಾನೆ, ಇನ್ನೊಬ್ಬ ಎರಡು, ಮತ್ತೊಬ್ಬ ಡಬ್ಲ್ಯೂ. ನಮ್ಮ ಕಡೆಯ ಅಡ್ಡಹೆಸರುಗಳಂತೂ ಕೇಳಲೇ ಬೇಡಿ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹೂಗಾರ, ಬಡಿಗೇರ ಎಂಬವನ್ನು ಇಂಗ್ಲಿಷಿನಲ್ಲಿ ಇಬ್ಬರು ಒಂದೇ ಥರ ಬರೆದದ್ದನ್ನು ನಾನು ಕಂಡಿಲ್ಲ. ಒಂದು ಬ್ಯಾಂಕಿನಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಹುಟ್ಟಿದ ದಿನಾಂಕ ಕೇಳಿದರೆ ಹಿಂದಿನವರಿಗೆಲ್ಲ ಶಾಲೆಯ ಮಾಸ್ತರರು ಹಚ್ಚಿದ ಜೂನ್ 1. ಶಾಲೆಗೇ ಹೋಗದ ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ವಿಳಾಸವೂ ನಿಂತಲ್ಲಿ ನಿಂತಿಲ್ಲ. ಗೋಪನಕೊಪ್ಪವನ್ನು ಗೋಪನ್‌ಕೊಪ್ ಎಂದು ಬರೆದವರೂ ಇದ್ದಾರೆ. ಹುಬ್ಳಿ ಎಂದು ಬರೆಯುತ್ತಿದ್ದ ಊರು 2014ರ ನವೆಂಬರ್ 1ರಿಂದ ಸರಕಾರಿ ದಾಖಲೆಯಲ್ಲಿ ಹುಬ್ಬಳ್ಳಿ ಆಯಿತು. ಬ್ಯಾಂಕುಗಳ ಹೆಸರೂ ಹೋದವು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿತು, ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನೊಳಗೆ, 2020ರಲ್ಲಿ ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ. ನಮ್ಮ ಧಾರವಾಡ ಸೀಮೆಯ ಹಳ್ಳಿಗಳಿಗೆ ಬ್ಯಾಂಕು ಎಂದರೆ ಮಲಪ್ರಭಾ ಗ್ರಾಮೀಣ ಬ್ಯಾಂಕು. ಅದು 2005ರಲ್ಲಿ ಬೇರೆ ಬ್ಯಾಂಕುಗಳೊಡನೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು, 2025ರ ಮೇ 1ರಿಂದ ಅದೂ ಹೋಗಿ ಕರ್ನಾಟಕ ಗ್ರಾಮೀಣ ಬ್ಯಾಂಕು. ಹಳೆಯ ಪಾಸ್‌ಬುಕ್ಕು ಕೈಯಲ್ಲಿ ಹಿಡಿದ ಮುದುಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಆ ಬ್ಯಾಂಕು ಎಲ್ಲಿ ಎಂದು ಕೇಳಿದರೆ, ಇಪ್ಪತ್ತು ವರ್ಷದ ಹುಡುಗನಿಗೆ ಆ ಹೆಸರೇ ಗೊತ್ತಿರುವುದಿಲ್ಲ. ಖಾತೆಯೇನೋ ಹೊಸ ಬ್ಯಾಂಕಿಗೆ ದಾಟಿರುತ್ತದೆ. ಹಾಗೆ ದಾಟಿದೆ ಎಂಬುದು ಆಕೆಯ ತನಕ ದಾಟಿರುವುದಿಲ್ಲ.

ದೊಡ್ಡವ್ವನ ಹೆಸರನ್ನೂ ಒಂದು ರವಿವಾರ ಹಾಕಿ ನೋಡಿದೆ. ಏನೂ ಬರಲಿಲ್ಲ. ಇಲ್ಲ ಎಂದೇ ಎಲ್ಲರೂ ಸುಮ್ಮನಾದೆವು.

ಆ ವರ್ಷದ ಪಂಚಮಿಗೆ ಬಂದಿದ್ದ ನಮ್ಮ ಸೋದರತ್ತಿ, ಅಂದರೆ ದೊಡ್ಡವ್ವನ ನಾದಿನಿ, ರೊಟ್ಟಿ ಮುರಿಯುತ್ತ ಈ ಮಾತೆಲ್ಲ ಕೇಳಿಸಿಕೊಂಡಳು. ಸಣ್ಣ ವಯಸ್ಸಿಗೆ ಗಂಡನನ್ನು ಕಳಕೊಂಡು ತವರಿಗೆ ಬಂದವಳು, ಹನ್ನೆರಡು ವರ್ಷ ದೊಡ್ಡವ್ವನ ಜೊತೆ ಅದೇ ಎಮ್ಮೆಗಳ ಕೈಕೆಲಸ ಮಾಡಿದವಳು. ಆಮೇಲೆ ಅಣ್ಣನೊಡನೆ ಜಗಳವಾಗಿ ನವಲಗುಂದದ ಕಡೆ ಮೈದುನನ ಮನೆಗೆ ಹೋದಳು.

"ಯಾವ ಹೆಸರು ಹಾಕಿದಿ?" ಅಂದಳು. ಹೇಳಿದೆ.

"ಅದು ನಮ್ಮನಿಗೆ ಬಂದ ಮ್ಯಾಲೆ ಇಟ್ಟ ಹೆಸರು. ಆಕಿ ಪುಸ್ತಕ ತವರಮನಿ ಹೆಸರಿಲೆ ಐತಿ."

ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ಹಿಂದೆ ಮಾಮೂಲು. ಬರುಬರುತ್ತ ತವರಿನ ಹೆಸರನ್ನು ಮಕ್ಕಳೂ ಕೇಳಿರುವುದಿಲ್ಲ. ದೊಡ್ಡವ್ವ ಖಾತೆ ತೆಗೆಯುವ ಕಾಲಕ್ಕೆ ಆಧಾರ್, ಪಾನ್ ಯಾವುದೂ ಇರಲಿಲ್ಲ. ಆ ಬ್ಯಾಂಕಿನಲ್ಲಿ ಖಾತೆಯಿದ್ದ ಒಬ್ಬರು ಪರಿಚಯದ ಸಹಿ ಹಾಕಿದರೆ ಆಗುತ್ತಿತ್ತು. ಹಾಗೆ ಸಹಿ ಹಾಕಿದವರು ಅವಳ ತವರೂರಿನವರು, ಹಾಲಿನ ಗಿರಾಕಿ. ಅವರಿಗೆ ಗೊತ್ತಿದ್ದ ಹೆಸರನ್ನೇ ಬರೆಸಿದರು. ಗಂಡನ ಮನೆಯ ಯಾರ ಕಣ್ಣಿಗೆ ಬಿದ್ದರೂ ತನ್ನದೆಂದು ತಿಳಿಯಬಾರದು ಎಂಬುದು ದೊಡ್ಡವ್ವನಿಗೂ ಅನುಕೂಲವೇ ಇತ್ತು. ಅಟ್ಟದಲ್ಲಿದ್ದ ಪರಕೀಯಳ ಪಾಸ್‌ಬುಕ್ಕು ಅವಳದೇ ಎಂದು ನಮಗೆ ಆಗ ತಿಳಿಯಿತು. ಆ ಹೆಸರು ಹಾಕಿದಾಗ ಪೋರ್ಟಲ್ ಸಂಖ್ಯೆ ಕೊಟ್ಟಿತು.

ಮುಂದಿನದು ಕಾಗದದ ಕೆಲಸ. ಮರಣ ಪ್ರಮಾಣಪತ್ರದಲ್ಲಿರುವವಳೂ ಪಾಸ್‌ಬುಕ್ಕಿನಲ್ಲಿರುವವಳೂ ಒಬ್ಬಳೇ ಎಂದು ತೋರಿಸಬೇಕು. ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ಟು, ನೋಟರಿ, ತವರೂರಿನ ಇಬ್ಬರ ಸಾಕ್ಷಿ. ಕೌಂಟರಿನ ಹುಡುಗಿ ತಾಳ್ಮೆಯಿಂದ ಎಲ್ಲ ನೋಡಿ, ಕಂಪ್ಯೂಟರ್ ತಿರುಗಿಸಿ ಕೇಳಿದಳು: "ನಾಮಿನಿ ಅದಾರಲ್ರಿ, ಅವರು ಬಂದಾರೇನು?" ನಾಮಿನಿ ಎಂದು ಬರೆಸಿದ್ದು ಮಕ್ಕಳ ಹೆಸರನ್ನಲ್ಲ, ಗಂಡನ ಹೆಸರನ್ನಲ್ಲ. ನಮ್ಮ ಅತ್ತಿಯ ಹೆಸರನ್ನು. ಸಂಬಂಧ ಎಂಬಲ್ಲಿ ನಾದಿನಿ ಎಂದಿತ್ತು.

ಬಡ್ಡಿ ಕೂಡಿ ಆದದ್ದು 43 ಸಾವಿರ ಚಿಲ್ಲರೆ. ಮನೆಯಲ್ಲಿ ಮಾತು ಎದ್ದಿತು. ಸಣ್ಣಣ್ಣ ವಕೀಲರನ್ನು ಕೇಳಿಕೊಂಡು ಬಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಮಿನಿಗೆ ಬ್ಯಾಂಕು ಹಣ ಕೊಡುತ್ತದೆ, ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯುತ್ತದೆ. ಆದರೆ ನಾಮಿನಿ ಮಾಲೀಕನಲ್ಲ, ವಾರಸುದಾರರ ಪರವಾಗಿ ಇಸಿದುಕೊಳ್ಳುವವನು ಮಾತ್ರ. ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಹೆಣ್ಣುಮಗಳ ಆಸ್ತಿಗೆ ಮೊದಲ ಹಕ್ಕುದಾರರು ಮಕ್ಕಳು ಮತ್ತು ಗಂಡ. ನಾದಿನಿಯ ಸರದಿ ಬರುವುದು ಬಹಳ ದೂರದಲ್ಲಿ. ಉಯಿಲು ಬರೆದಿದ್ದರೆ ಮಾತು ಬೇರೆ. ಹಾಲು ಮಾರುವವರು ಉಯಿಲು ಬರೆಯುತ್ತಾರೆಯೇ? ಬ್ಯಾಂಕಿನ ಫಾರ್ಮಿನಲ್ಲಿ ಹೆಸರು ಬರೆಸಿದರೆ ಅವರಿಗೇ ಸೇರಿತು ಎಂದೇ ಅವರ ತಿಳುವಳಿಕೆ. ದೊಡ್ಡವ್ವನ ಮನಸ್ಸಿನಲ್ಲಿದ್ದದ್ದು ಇಷ್ಟು ಸ್ಪಷ್ಟವಾಗಿ ಕಾಗದದ ಮೇಲಿತ್ತು, ಆದರೂ ಕಾನೂನು ಅದನ್ನು ಬೇರೆ ಥರ ಓದುತ್ತದೆ.

ಅತ್ತಿ ಎಲ್ಲ ಕೇಳಿ ಅಂದದ್ದು ಇಷ್ಟು: "ಆಕಿ ನನಗ ಹೇಳಿದ್ಲು, 'ನಿನ್ನ ಹೆಸರು ಬರಸೀನಿ, ನೀನೂ ಸಗಣಿ ಹೊತ್ತೀಯಲ್ಲ' ಅಂತ. ನಾ ಯಾರ ಮುಂದೂ ಬಾಯಿ ಬಿಡಲಿಲ್ಲ. ಬಿಟ್ಟಿದ್ರ ನಿಮ್ಮ ದೊಡ್ಡಪ್ಪ ಆಕಿನ್ನ ಬಿಡ್ತಿದ್ದಿಲ್ಲ. ರೊಕ್ಕ ನೀವ ತಗೋರಿ, ನನಗೇನ ಬ್ಯಾಡ."

ದೊಡ್ಡಣ್ಣ ಒಪ್ಪಲಿಲ್ಲ. ಸಣ್ಣಣ್ಣನಿಗೆ ಮಗಳ ಕಾಲೇಜಿನ ಫೀ ಇತ್ತು, ಅವನ ಅಡಚಣೆಯೂ ಸುಳ್ಳಲ್ಲ. ಎರಡು ವಾರ ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅತ್ತಿಯೇ ಬ್ಯಾಂಕಿಗೆ ಬಂದು ಹೆಬ್ಬೆಟ್ಟು ಒತ್ತಿದಳು. 23 ಸಾವಿರ ತನಗೆ ಇಟ್ಟುಕೊಂಡಳು. ಇಬ್ಬರು ಸೊಸೆಯಂದಿರನ್ನು ಕರೆದು ಹತ್ತತ್ತು ಸಾವಿರ ಅವರವರ ಕೈಯಲ್ಲಿ ಕೊಟ್ಟಳು. "ಇವರ ಕೈಯಾಗ ಕೊಡಬ್ಯಾಡ್ರಿ" ಎಂದು ನನ್ನ ಅಣ್ಣಂದಿರ ಕಡೆ ಗದ್ದ ತೋರಿಸಿದಳು. ಸಣ್ಣಣ್ಣ ಈಗಲೂ ಅದು ಸರಿಯಾಗಲಿಲ್ಲ ಎನ್ನುತ್ತಾನೆ.

ಪಿಗ್ಮಿ ಕಾರ್ಡಿನ ಕಥೆ ಹೀಗೆ ಮುಗಿಯಲಿಲ್ಲ. ಅದು ಮುಚ್ಚಿಹೋದ ಒಂದು ಪತ್ತಿನ ಸಹಕಾರಿ ಸಂಘದ್ದು. 1905ರಲ್ಲಿ ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ನಮ್ಮ ಜನಕ್ಕೆ ಸಂಘ ಎಂದರೆ ಮನೆಯಷ್ಟೇ ನಂಬಿಕೆ. ಆದರೆ ಸಹಕಾರಿ ಬ್ಯಾಂಕು ಬೇರೆ, ಪತ್ತಿನ ಸಂಘ ಬೇರೆ. ಸಹಕಾರಿ ಬ್ಯಾಂಕಿನ ಮರೆತ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಅಲ್ಲಿ 5 ಲಕ್ಷದ ತನಕ ವಿಮೆಯೂ ಉಂಟು. ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ, ಆ ನಿಧಿ ಇಲ್ಲ, ಉದ್ಗಮ್‌ನಲ್ಲಿ ಅದರ ಹೆಸರೂ ಇಲ್ಲ. ಬೋರ್ಡು ಎರಡರದೂ ಒಂದೇ ಥರ, ಏಜೆಂಟನ ಚೀಲವೂ ಒಂದೇ ಥರ. ಕಾರ್ಡಿನಲ್ಲಿ 4,115 ರೂಪಾಯಿ ತನಕ ಬರೆದದ್ದಿದೆ, ದಿನಕ್ಕೆ ಐದು ರೂಪಾಯಿಯಂತೆ. ಅದನ್ನು ಕೇಳಲು ಬಾಗಿಲಿಲ್ಲ.

ಹೊಸ ನಿಯಮಗಳು ಬಂದಿವೆ. 2024ರ ಏಪ್ರಿಲ್‌ನಿಂದ ನಿಷ್ಕ್ರಿಯ ಖಾತೆಯನ್ನು ಮತ್ತೆ ಚಾಲೂ ಮಾಡಲು ಬ್ಯಾಂಕು ಶುಲ್ಕ ಕೇಳುವಂತಿಲ್ಲ, ಕನಿಷ್ಠ ಬಾಕಿ ಇಲ್ಲವೆಂದು ದಂಡ ಮುರಿಯುವಂತಿಲ್ಲ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಯಾರಿಗೆಷ್ಟು ಪಾಲು ಎಂದೂ ಬರೆಸಬಹುದು. ಒಳ್ಳೆಯದೇ. ಆದರೆ ಖಾತೆ ಇದೆ ಎಂಬುದೇ ಮನೆಯವರಿಗೆ ತಿಳಿಯದಿದ್ದರೆ ಇವು ಯಾವುವೂ ಕೈಗೆ ಬರುವುದಿಲ್ಲ.

ಅದಕ್ಕೇ ಈಗ ರವಿವಾರ ಬರುವವರಿಗೆ ಒಂದು ಹಾಳೆ ಬರೆದುಕೊಡುತ್ತೇನೆ. ತವರಿನ ಹೆಸರು, ಗಂಡನ ಮನೆಯ ಹೆಸರು, ರೇಷನ್ ಕಾರ್ಡಿನ ಹೆಸರು, ಆಧಾರಿನ ಹೆಸರು. ಬ್ಯಾಂಕಿನ ಹಿಂದಿನ ಹೆಸರು, ಈಗಿನ ಹೆಸರು. ನಾಮಿನಿ ಯಾರು. ಗಂಡಸರು ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳು ಹಾಗಲ್ಲ. ಹೋದ ವಾರ ಹೂವಿನ ವ್ಯಾಪಾರದ ಒಬ್ಬಾಕೆ ಎಲ್ಲ ಬರೆಸಿದ ಮೇಲೆ ಹಾಳೆಯನ್ನು ನನ್ನ ಕಡೆಗೇ ತಿರುಗಿ ಸರಿಸಿದಳು.

"ನಿಮ್ಮ ಹಂತ್ಯಾಕ ಇರಲಿ. ನಮ್ಮನಿಯವರ ಕೈಯಾಗ ಸಿಗಬಾರದು."

ದೊಡ್ಡವ್ವನ ರೊಕ್ಕವನ್ನು ಅಷ್ಟು ವರ್ಷ ಕಾಯ್ದದ್ದೂ ಈ ಮಾತೇ, ಹೆಚ್ಚುಕಡಿಮೆ ಮುಳುಗಿಸಿದ್ದೂ ಈ ಮಾತೇ. ಮಗಳಿಗಾದರೂ ಹೇಳಿಡಬೇಕಲ್ಲ ಎಂದೆ. ಸ್ವಲ್ಪ ಹೊತ್ತು ಯೋಚಿಸಿದಳು. "ಮಗಳಿಗೆ ಹೇಳತೀನಿ" ಅಂದು, ಆ ಹಾಳೆಯ ಕೆಳಗೆ ಮಗಳ ಮೊಬೈಲ್ ನಂಬರು ಬರೆಸಿ, ಬುಟ್ಟಿ ಎತ್ತಿಕೊಂಡು ಹೋದಳು.